ಚಂದಯ್ಯನ ಬೆಳ್ಳಿ ಟೊಪ್ಪಿ

ತೊಂಬತ್ತೇಳನೇ ಇಸವಿಯಿಂದ ಹಾಲಾಡಿ ಸುತ್ತ ಟಿ.ವಿ. ಡಿಶ್ ಕೂರಿಸುತ್ತಿದ್ದ ಚಂದಯ್ಯನದು ಒಂದೇ ಹಠ. ಸಿಲ್ವರ್ ಪೇಂಟ್ ಬಳಿಯದೆ ಏಣಿ ಇಳಿಯುವವನಲ್ಲ. ನಮ್ಮ ಮಳೆಗೆ ಕಬ್ಬಿಣ ಉಳಿಯಬೇಡವೇ? ಡಿಶ್ ಕೆಲಸ ಕಡಿಮೆಯಾದಾಗ ಗಂಗೊಳ್ಳಿ ಬಂದರು ಸೇರಿದ. ಬೋಟಿನ ನೆತ್ತಿಗೆ ಟೊಪ್ಪಿಯಂಥ ಆಂಟೆನಾ ಕೂರಿಸಿ, ಕ್ಯಾಬಿನ್ನಿನ ಪೆಟ್ಟಿಗೆಗೆ ಕೇಬಲ್ ಎಳೆಯುವ ಕೆಲಸ. ಅಪಾಯ ಬಂದರೆ ಗುಂಡಿ ಒತ್ತಬೇಕು, ಸುದ್ದಿ ಉಪಗ್ರಹ ಮುಟ್ಟಿ ದಡಕ್ಕೆ ಬರುತ್ತದೆ. ಇಷ್ಟಾಗಿ ಅವನು ಮಾತ್ರ ಅಳಿವೆ ದಾಟಿ ಕಡಲಿಗೆ ಹೋದವನಲ್ಲ. ಕಟ್ಟಿಹಾಕಿದ ಬೋಟಿನಲ್ಲೇ ಹೊಟ್ಟೆ ತೊಳೆಸುವ ಆಸಾಮಿ.

ಆ ವರ್ಷ ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದಾಗ ಮೊದಲು ಹೊರಟದ್ದು ತಂಗಿಯ ಮಗ ಸೂರನ ಬೋಟು. ಬೇರೆ ಬೋಟುಗಳ ಆಂಟೆನಾಕ್ಕೆ ಒಂದು ಕೋಟ್ ಸಿಲ್ವರ್ ಆದರೆ, ಅಳಿಯನದಕ್ಕೆ ಪ್ರೀತಿಯಿಂದ ಎರಡು ಬಳಿದಿದ್ದ.

ಮರುದಿನ ಹೊರಡಬೇಕಿದ್ದ ಲೀಲಾಧರನ ಬೋಟಿನಲ್ಲಿ ತಕರಾರು ಬಂತು. ಉಪಗ್ರಹ ಸಿಕ್ಕಿದೆ ಎಂದು ತೋರಿಸುವ ಪೆಟ್ಟಿಗೆಯ ಹಸಿರು ದೀಪ ಕೂರಿಸಿದ ದಿನ ಹೊತ್ತಿತ್ತು, ಈಗ ಹೊತ್ತುತ್ತಿಲ್ಲ. ಚಂದಯ್ಯ ಕೇಬಲ್ ಬದಲಿಸಿದ, ಕನೆಕ್ಟರ್ ಬದಲಿಸಿದ, ಬ್ಯಾಟರಿ ನೋಡಿದ. ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಆಗದಿದ್ದರೆ ಯಾರನ್ನು ಬೈಯುವುದು? ಅವನಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಹೊಸ ಆಂಟೆನಾವನ್ನೇ ಸಿಕ್ಕಿಸಿದ. ದೀಪ ಹೊತ್ತಿತು. ಹಳೆಯದು ಹಾಳಾಗಿತ್ತು ಅಂದುಕೊಂಡು ಸಮಾಧಾನದಿಂದ ಬ್ರಷ್ ಎತ್ತಿಕೊಂಡ.

ಟೊಪ್ಪಿಗೆ ಸುತ್ತ ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಕೆಳಗಿಂದ ಲೀಲಾಧರ ಕರೆದ.

"ಹ್ವಾಯ್, ಲೈಟ್ ಮತ್ತ್ ಹೋಯ್ತ್. ಮೇಲ್ ಎಂತ ಮಾಡ್ತ್ರಿ?"

"ಎಂತ ಇಲ್ಲ, ಬಣ್ಣ ಕೊಡ್ತೆ."

ಹೇಳಿದವನ ಕೈ ಅಲ್ಲೇ ನಿಂತಿತು. ಒದ್ದೆ ಬಣ್ಣವನ್ನು ಬಟ್ಟೆಯಿಂದ ಒರೆಸಿದ. ದೀಪ ಬಂತು. ನಂಬಿಕೆಯಾಗದೆ ಮತ್ತೆ ಬಳಿದ. ಹೋಯಿತು. ಮತ್ತೆ ಒರೆಸಿದ, ಬಂತು. ಡಿಶ್ ಕಬ್ಬಿಣದ್ದು, ಬಣ್ಣ ಬಳಿದರೆ ಏನೂ ಆಗದು. ಇಲ್ಲಿ ಆಂಟೆನಾ ಇರುವುದು ಪ್ಲಾಸ್ಟಿಕ್ ಟೊಪ್ಪಿಯ ಒಳಗೆ. ಅಲ್ಯೂಮಿನಿಯಂ ಪುಡಿಯ ಬಣ್ಣ ಬಳಿದು ಸಂಕೇತ ದಾಟದಂತೆ ಅದಕ್ಕೆ ತಾನೇ ಮುಚ್ಚಳ ಹಾಕಿದ್ದ.

ಸೂರನದಕ್ಕೆ ಎರಡು ಮುಚ್ಚಳ.

ಹೊರಡುವ ಗಡಿಬಿಡಿಯಲ್ಲಿ ಹುಡುಗ ದೀಪ ನೋಡಿರಲಿಕ್ಕಿಲ್ಲ. ವೈರ್‌ಲೆಸ್‌ನಲ್ಲಿ ಕೂಗಿ ನೋಡಿದರು. ಸೂರ ಅದು ಮುಟ್ಟುವ ದೂರ ಮೀರಿ ಹೋಗಿದ್ದ. ತಾವು ಹೋಗುವುದೂ ಅದೇ ಕಡೆಗೆ, ಸಿಕ್ಕಾಗ ಹೇಳುತ್ತೇವೆ ಎಂದ ಲೀಲಾಧರ. ನಡುವೆ ಗಾಳಿ ಎದ್ದು ಹುಡುಗ ಗುಂಡಿ ಒತ್ತಿದರೆ ಸುದ್ದಿ ದಡ ಮುಟ್ಟುವುದಿಲ್ಲ.

ಹಗ್ಗ ಬಿಚ್ಚುವಾಗ ಚಂದಯ್ಯ ಒಣಗಿದ ಬಣ್ಣ ಕರಗಿಸುವ ಥಿನ್ನರ್ ಡಬ್ಬ, ಹಳೆಬಟ್ಟೆ ಹಿಡಿದು ಬೋಟಿನಲ್ಲೇ ಕುಳಿತಿದ್ದ. ಇಳಿಯುವುದಿಲ್ಲವೇ ಎಂದು ಲೀಲಾಧರ ಕೇಳಿದ.

"ಇಲ್ಲ, ನಾನೂ ಬತ್ತೆ."

ಅಳಿವೆ ಬರುವ ಮೊದಲೇ ಅವನಿಗೆ ವಾಂತಿ ಶುರುವಾಗಿತ್ತು. ಡಬ್ಬವನ್ನು ಮಾತ್ರ ಕೈಬಿಡಲಿಲ್ಲ.