ನೆಲಕ್ಕಿಳಿಯದ ಚೀಲ

ಈ ಸಲ ಮನೆಗೆ ಅಕ್ಕಿ ಗೋಣಿಚೀಲದಲ್ಲಿ ಬಂತು. ಈಗೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ ಚೀಲಗಳೇ. ಇದು ಮಾತ್ರ ಹಳೆಯ ಕಾಲದ ಗೋಣಿ. ಬಾಯಿ ಬಿಚ್ಚಿದ್ದೇ ತಡ, ತೌಡು, ನಾರು, ಒಣ ಧೂಳು ಬೆರೆತ ಆ ವಾಸನೆ ಮೂಗಿಗೆ ಹೊಡೆದು, ಅಕ್ಕಿಆಲೂರಿನ ಹಮಾಲ ಕಾಕಾ ನೆನಪಾದರು. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸುದ್ದಿ ತಿಳಿದೂ ನಾನು ಹೋಗಿರಲಿಲ್ಲ. ಅವರ ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ, ಅದಕ್ಕೇ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನಾನು ಅಕ್ಕಿಆಲೂರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಶಾಲೆಯ ಹಿಂದಿನ ಕೋಣೆಗೆ ವಾರಕ್ಕೊಮ್ಮೆ ಕೈಕಾಲು ಸ್ವಾಧೀನವಿಲ್ಲದ ಐದಾರು ಮಕ್ಕಳು ಬರುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಹಾವೇರಿಯಿಂದ ಬಂದು ಅವರಿಗೆ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಕೋಣೆಯ ಉಸ್ತುವಾರಿ, ಬೀಗದ ಕೈ, ಎರಡೂ ನನ್ನವು. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಕಾಕಾ ತಮ್ಮ ಮಗಳ ಮಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ನಾಲ್ಕು ವರ್ಷದ ಕೂಸು. ಹುಟ್ಟುವಾಗ ಉಸಿರು ಸಾಲದೆ ಮಿದುಳಿಗೆ ಪೆಟ್ಟಾಗಿ, ಕಾಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಬಾಯಿ ಮಾತ್ರ ಭಾರಿ ಚುರುಕು. ನಾನು ಹೊಸ ಸೀರೆ ಉಟ್ಟರೆ ಮೊದಲು ಗುರುತಿಸುತ್ತಿದ್ದವಳು ಅವಳೇ.

“ದಿನಾ ಅರ್ಧ ತಾಸು ಸ್ಟ್ಯಾಂಡಿನ್ಯಾಗ ಕಟ್ಟಿ ನಿಂದ್ರಿಸಿದ್ರ ಮೊಣಕಾಲು ನೆಟ್ಟಗ ಉಳೀತಾವ್ರಿ. ಈಗ ಬಿಟ್ರ, ಆಮ್ಯಾಲ ಬಗ್ಗಿದ್ದು ಬಗ್ಗಿದ್ದ,” ಎಂದು ಆ ಹುಡುಗಿ ಹೇಳಿದಳು. ಹಲಗೆ, ಬೆಲ್ಟು, ಕಾಲಿಡುವ ಮೆಟ್ಟು ಇರುವ ಸ್ಟ್ಯಾಂಡು. ಮಗುವಿನ ಅಳತೆಗೇ ಮಾಡಿಸಬೇಕು. ನಮ್ಮ ಶಾಲೆಯ ಕೈಗೆ ನಿಲುಕುವಂಥದ್ದಲ್ಲ.

ನಮ್ಮ ಕಡೆ ಕಾರಹುಣ್ಣಿಮೆಗೆ ಗುಂಡುಕಲ್ಲು ಎತ್ತುತ್ತಾರೆ, ಪಂಥ ಕಟ್ಟಿ ಚೀಲ ಹೊತ್ತು ಊರಿಂದೂರಿಗೆ ನಡೆಯುತ್ತಾರೆ. ಅದೆಲ್ಲ ಹರೆಯದವರ ಆಟ. ಕಾಕಾಗೆ ಆಗಲೇ ಐವತ್ತೈದು ದಾಟಿತ್ತು. ಕಾರಹುಣ್ಣಿಮೆಗೂ ಮೊದಲೇ, ಬೇಸಿಗೆಯ ಒಂದು ದಿನ ಗಿರಣಿಯ ಅಂಗಳದಲ್ಲಿ ವ್ಯಾಪಾರಸ್ಥರೆಲ್ಲ ಕೂತಿದ್ದಾಗ ಹೋಗಿ ನಿಂತರು.

“ಐವತ್ತು ಕಿಲೋ ಚೀಲ ಹೊತಗೊಂಡು ಹಾನಗಲ್ಲಿಗೆ ನಡೀತೇನ್ರಿ. ನೆಲಕ್ಕ ಇಳಸಂಗಿಲ್ಲ. ಇಳಸಲಿಲ್ಲಂದ್ರ ನೀವು ನಮ್ಮ ಕೂಸಿಗೆ ಸ್ಟ್ಯಾಂಡ್ ತರಸ್ರಿ.”

ವ್ಯಾಪಾರಸ್ಥರು ಒಪ್ಪಿದರು. ಪುಕ್ಕಟೆ ಮೋಜು ಯಾರಿಗೆ ಬೇಡ?

ಚೀಲ ಹೊತ್ತ ದಿನ ಹಲಗೆ-ತಮಟೆ ಬಾರಿಸುತ್ತ ಅರ್ಧ ಊರೇ ಹಿಂದೆ ಹೊರಟಿತು. ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಡೆದೆ. ದಾರಿಯ ಹಳ್ಳಿಗಳಲ್ಲಿ ಜನ ಕಾಕಾನನ್ನು ಹರಕೆ ಹೊತ್ತವರೆಂದೇ ತಿಳಿದರು. ಕಾಲಿಗೆ ನೀರು ಹಾಕುವವರು, ತೆಂಗಿನಕಾಯಿ ಒಡೆಯುವವರು, ಮಾಲೆ ಹಾಕಿ ಫೋಟೊ ತೆಗೆಸಿಕೊಳ್ಳುವವರು... ಒಬ್ಬ ಪುಣ್ಯಾತ್ಮನಂತೂ ಆ ಬಿಸಿಲಲ್ಲಿ ಅವರಿಗೊಂದು ಶಾಲು ಹೊದಿಸಿದ! ಹೊರೆ ಹೊತ್ತವನಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಕಷ್ಟ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. “ನಿಂದ್ರಸಬ್ಯಾಡ್ರೋ...” ಎಂದು ಕಾಕಾ ಹಲ್ಲು ಕಚ್ಚಿ ಹೇಳುತ್ತಿದ್ದದ್ದು ಹಲಗೆಯ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳುತ್ತಿತ್ತು. ಹಾನಗಲ್ಲಿನಲ್ಲಿ ಚೀಲವನ್ನು ಬೆನ್ನಿನಿಂದ ನೇರ ಟ್ರ್ಯಾಕ್ಟರಿಗೆ ಇಳಿಸಿಕೊಂಡರು. ನೆಲ ಮುಟ್ಟಲಿಲ್ಲ. ಕಾಕಾಗೆ ಬಹಳ ಹೊತ್ತು ಬೆನ್ನು ನೆಟ್ಟಗಾಗಲಿಲ್ಲ.

ವ್ಯಾಪಾರಸ್ಥರು ಮಾತಿಗೆ ತಪ್ಪಲಿಲ್ಲ. ಎರಡು ತಿಂಗಳಲ್ಲಿ ಸ್ಟ್ಯಾಂಡು ಬಂತು, ಆ ಕೂಸಿನ ಅಳತೆಗೇ. ಆದರೆ ಹೊಸ ವಸ್ತು, ಪೂಜೆ ಇಲ್ಲದೆ, ದೊಡ್ಡವರು ಬಂದು ರಿಬ್ಬನ್ ಕತ್ತರಿಸದೆ ಮುಟ್ಟುವುದು ಹೇಗೆ? ಕೊಟ್ಟವರಿಗೂ ಅದೇ ಆಸೆ, ಹೆಡ್‌ಮಾಸ್ತರಿಗೂ ಅದೇ. ಪ್ಲಾಸ್ಟಿಕ್ ಹೊದಿಕೆ ಸಮೇತ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಮೊದಲು ಆಷಾಢ ಅಡ್ಡ ಬಂತು. ಆಮೇಲೆ ದೊಡ್ಡವರಿಗೆ ಪುರುಸೊತ್ತಾಗಲಿಲ್ಲ. ಅದಾದ ಮೇಲೆ ಚುನಾವಣೆಯ ನೀತಿ ಸಂಹಿತೆ. ಅಷ್ಟರಲ್ಲಿ ಫಿಸಿಯೋಥೆರಪಿಯ ಹುಡುಗಿಯನ್ನು ಹಿರೇಕೆರೂರಿಗೆ ಹಾಕಿದರು; ಸ್ಟ್ಯಾಂಡಿಗಾಗಿ ಜಗಳ ತೆಗೆಯುವವರೂ ಇಲ್ಲದಂತಾಯಿತು.

ಕಾಕಾ ಒಮ್ಮೆ ಕೂಸನ್ನು ಹೊತ್ತುಕೊಂಡೇ ಬಂದಿದ್ದರು. “ಅಕ್ಕೋರ, ಅರ್ಧ ತಾಸು ನಿಂದ್ರಿಸಿ ತಗಿಯೂಣೇನ್ರಿ? ಯಾರಿಗೂ ಹೇಳಂಗಿಲ್ಲ.”

“ಪ್ಲಾಸ್ಟಿಕ್ ಹರಿದ್ರ ನನ್ನ ಕೇಳತಾರ ಕಾಕಾ. ಇನ್ನೊಂದು ವಾರ ತಡೀರಿ,” ಎಂದೆ.

ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಹರಿದ ಪ್ಲಾಸ್ಟಿಕ್ಕಿಗಾಗಿ ನನ್ನನ್ನು ಯಾರೂ ಗಲ್ಲಿಗೆ ಹಾಕುತ್ತಿರಲಿಲ್ಲ. ಆದರೂ ಹಾಗೆಂದೆ, ಒಂದು ಸಲ ಅಲ್ಲ, ನಾಲ್ಕೈದು ಸಲ...

ಹತ್ತಿರ ಹತ್ತಿರ ಒಂದು ವರ್ಷಕ್ಕೆ ಉದ್ಘಾಟನೆಯಾಯಿತು. ಭಾಷಣ, ಪೇಡೆ, ಕಾಕಾಗೆ ಇನ್ನೊಂದು ಶಾಲು. ಕೊನೆಗೆ ಫೋಟೊಗಾಗಿ ಕೂಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಲು ಹೋದೆವು. ಎದೆಗೆ ಬರಬೇಕಾದ ಬೆಲ್ಟು ಹೊಟ್ಟೆಗೆ ಬಂತು. ಬಗ್ಗಿದ ಮೊಣಕಾಲು ಹಲಗೆಗೆ ತಾಗಲೇ ಇಲ್ಲ. ನಾನು ಒತ್ತಿ ಹಿಡಿದೆ. ಅವಳು ಚೀರಿದಳು. “ಸ್ವಲ್ಪ ನಗಸ್ರಿ ಅಕೀನ್ನ,” ಎಂದ ಫೋಟೊದವನು.

ಕಾಕಾ ಬಂದು ಮೆಲ್ಲಗೆ ನನ್ನ ಕೈ ಸರಿಸಿದರು. “ಬಿಡ್ರಿ ಅಕ್ಕೋರ. ನಾವು ತಡದ್ವಿ, ಕೂಸು ತಡೀಲಿಲ್ಲ. ಬೆಳದಬಿಡ್ತು,” ಎಂದು ಅವಳನ್ನು ಬೆನ್ನಿಗೆ ಏರಿಸಿಕೊಂಡು ಹೊರಗೆ ನಡೆದರು. ಬೈದಿದ್ದರೆ ನನಗೆ ಇಷ್ಟು ವರ್ಷ ನಿದ್ದೆಯಾದರೂ ಬರುತ್ತಿತ್ತೇನೋ.

ನಿನ್ನೆ, ನಾನೀಗಿರುವ ಸವಣೂರಿನಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗಿಬಂದೆ. ಆ ಕೂಸು ಈಗ ದೊಡ್ಡ ಹುಡುಗಿ. ಮೊಣಕಾಲು ಎದೆಗೆ ಹತ್ತಿಕೊಂಡಂತೆ ಮುದುಡಿ ಗೋಡೆಗೆ ಒರಗಿ ಕೂತಿದ್ದಳು. ಸಾಯುವ ವಾರದವರೆಗೂ ಕಾಕಾ ಅವಳನ್ನು ಹೊತ್ತೇ ಶಾಲೆಗೆ ಬಿಡುತ್ತಿದ್ದರಂತೆ. “ಅಜ್ಜ ಹೋದಮ್ಯಾಲ ನಾ ಸಾಲಿಗೆ ಹೋಗಿಲ್ರಿ. ಅವ್ವಗ ನನ್ನ ಎತ್ತಾಕ ಆಗಂಗಿಲ್ಲ,” ಎಂದಳು. ಅದೇ ಚುರುಕು ಬಾಯಿ.

ಅವಳ ತಾಯಿ ಒಳಗಿನಿಂದ ಚಹಾ ತಂದಳು. “ಅಪ್ಪ ನಿಮ್ಮನ್ನ ಭಾಳ ನೆನಸತಿದ್ದರಿ ಅಕ್ಕೋರ. ನಮ್ಮ ಕೂಸಿನ ಸಲುವಾಗಿ ಅಕ್ಕೋರು ಭಾಳ ಓಡಾಡ್ಯಾರ ಅಂತಿದ್ದ.”

ಅಲ್ಲ ಎನ್ನಬೇಕಿತ್ತು. ಹೂಂ ಎಂದು ಚಹಾ ಕುಡಿದೆ.