ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೋಗಿ ಬಂದ ಸಲಮಾಂಡರ್

ಸ್ನೇಹಿತರೇ, ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಇಂದು ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಮಗಳು ಸಹನಾ ಗಾಜಿನ ತೊಟ್ಟಿಯಲ್ಲಿ, ನೀರು ತಂಪಾಗಿಡುವ ಯಂತ್ರ ಹಚ್ಚಿ, ಒಂದು ಸಲಮಾಂಡರ್ ಸಾಕಿದ್ದಾಳೆ. ನೋಡಲು ಹಲ್ಲಿಯಂತಿರುವ ಈ ನೀರಿನ ಜೀವಿ, ನೀರು ಬಿಸಿಯಾದರೆ ಬದುಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಗೆ ಹಾಕಲು ಮನೆಯ ಐಸೂ ಮುಗಿಯಿತು, ಅಂಗಡಿಯ ಐಸೂ ಮುಗಿಯಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಭಾವಮೈದುನ ಫೋನಿನಲ್ಲೇ ಪರಿಹಾರ ಹೇಳಿದ. "ನಮ್ಮ ಚೀಲ ಇಟ್ಟ ಕೋಲ್ಡ್ ಸ್ಟೋರೇಜಿಗೆ ತಗೊಂಡ ಬರ್ರಿ. ಜನರೇಟರ್ ಐತಿ. ಮೂಲ್ಯಾಗ ಇಟ್ಟರಾತು."

ಸಲಮಾಂಡರನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ನಾನೂ ಸಹನಾಳೂ ಕಾರಿನಲ್ಲಿ ಹೋದೆವು. ಭಾವಮೈದುನ ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಕಾಲಿಟ್ಟ ಕೂಡಲೇ ಮೂವರಿಗೂ ಕೆಮ್ಮು ಹತ್ತಿತು. ಸಹನಾ ಬಕೆಟ್ಟಿಗೆ ದುಪಟ್ಟಾ ಮುಚ್ಚಿ ಹೊರಗೆ ಓಡಿದಳು.

"ಯಾಕವಾ, ತಂಪ ಐತಲ್ಲ?"

"ಮಾಮಾ, ಇದು ಚರ್ಮದಿಂದನೂ ಉಸಿರಾಡತೈತಿ. ಈ ಘಾಟಿನಾಗ ಉಳಿಯಂಗಿಲ್ಲ."

"ಹಂಗಾದ್ರ ಬ್ಯಾಡಗಿ ಮಂದಿ ಯಾರೂ ಉಳೀಬಾರದಿತ್ತಲ್ಲ!" ಎಂದು ಆತ ನಕ್ಕ. ಅವಳು ನಗಲಿಲ್ಲ.

ಕಾರಿನ ಎಸಿ ಪೂರ್ತಿ ಹಾಕಿಕೊಂಡು ಮರಳಿದೆವು. ಕರೆಂಟ್ ಇನ್ನೂ ಬಂದಿಲ್ಲ. ಹಾಗಾಗಿ ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲೇ ಎಸಿ ಹಾಕಿಕೊಂಡು ಕುಳಿತಿದ್ದೇವೆ. ಬಕೆಟ್ ಸಹನಾಳ ತೊಡೆಯ ಮೇಲಿದೆ. ಸಲಮಾಂಡರಿನ ಕಿವಿರುಗಳು ಆಗೊಮ್ಮೆ ಈಗೊಮ್ಮೆ ಮಾತ್ರ ಅಲುಗುತ್ತಿವೆ.

ಪಕ್ಕದ ಮನೆಯ ರಜಿಯಾ ಆಂಟಿ ಕಿಟಕಿ ತಟ್ಟಿದರು. "ಎಲ್ಲಿಗೆ ಹೊಂಟೀರಿ?"

"ಕರೆಂಟ್ ಇರೂ ಊರಿಗ್ರಿ" ಎಂದಳು ಮಗಳು, ಬಕೆಟ್ಟಿನಿಂದ ಕಣ್ಣು ಕೀಳದೆ.

ಎಸಿ ಓಡಿಸಿ ಓಡಿಸಿ ಪೆಟ್ರೋಲ್ ತಳ ಮುಟ್ಟಿದೆ. ಅದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ. ಕರೆಂಟ್ ಇರುವ ಊರು ಎಲ್ಲಿದೆ ಎಂಬುದು ಆಮೇಲಿನ ಮಾತು.