ಸುಮಾರು ಅಂದರೆ ಎಷ್ಟು

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿ. ಬೋರ್ಡಿನ ಮೇಲೆ ಗೆರೆ ಎಳೆದ ಕೂಡಲೇ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ಮಸುಕು ಮಾಡಿಬಿಡುತ್ತಿದ್ದರು. "ಜೀವಕೋಶ ಏನು ಸ್ವಿಚ್ಚೇನಯ್ಯ, ಹೌದು ಇಲ್ಲ ಅಂತ ಎರಡೇ ಮಾತಾಡೋಕೆ? ಅದೂ ನಮ್ ಥರಾನೇ, ಅರೆಮನಸ್ಸಲ್ಲಿ ಹೌದು ಅನ್ನುತ್ತೆ." ಹೌದು ಇಲ್ಲಗಳ ನಡುವಿನದನ್ನೂ ಲೆಕ್ಕಕ್ಕೆ ಹಿಡಿಯುವ ಫಜಿ ಲಾಜಿಕ್ ಅನ್ನು ನಾನು ಕಲಿತದ್ದು ಹೀಗೆ.

ಲಕ್ಷ್ಮೀಪುರಂನ ಅವರ ಮನೆಯ ಊಟದ ಮೇಜೇ ನಮ್ಮ ಪ್ರಯೋಗಶಾಲೆ. ಒಂದು ಪ್ರೊಟೀನು ಇನ್ನೊಂದನ್ನು ಎಷ್ಟು ತಡೆಯುತ್ತದೆ ಎಂದು ಓದಿ ಓದಿ ಅವರು ಕನ್ನಡದಲ್ಲೇ ಪಟ್ಟಿ ಬರೆಯುವರು: ಇಲ್ಲವೇ ಇಲ್ಲ, ಸುಮಾರು, ವಿಪರೀತ. ಅದನ್ನು ಸೊನ್ನೆಗೂ ಒಂದಕ್ಕೂ ನಡುವಿನ ಅಂಕಿಯಾಗಿಸಿ ಕಂಪ್ಯೂಟರಿಗೆ ಉಣಿಸುವುದು ಶಿಷ್ಯನಾದ ನನ್ನ ಕೆಲಸ. ನಾವು ಕಟ್ಟುತ್ತಿದ್ದದ್ದು ರಕ್ತದ ಕ್ಯಾನ್ಸರಿನಲ್ಲಿ ಯಾವುದು ಯಾವುದನ್ನು ತಡೆಯುತ್ತದೆ ಎಂಬುದರ ಜಾಲ. ನಡುವೆ ಅದೇ ಕಾಯಿಲೆ ಅವರಿಗೂ ಬಂತು. ಔಷಧಿಗಳು ಒಂದೊಂದಾಗಿ ಸೋತವು.

ಒಂದು ಮಧ್ಯಾಹ್ನ ಪರದೆಯ ಮೇಲಿನ ಗೆರೆ ಇಳಿಯಿತು. ಎರಡು ಔಷಧಿ ಸೇರಿಸಿ ಕೊಟ್ಟರೆ ಕೆಟ್ಟ ಕೋಶ ಬೆಳೆಯುವುದಿಲ್ಲ ಎಂದು ಅದರ ಅರ್ಥ. ಮೇಡಂ ಒಳಗೆ ಹೋಗಿ, ಡಾಕ್ಟರು ಬೇಡವೆಂದಿದ್ದ ಕಾಫಿ ಮಾಡಿಕೊಂಡು ಬಂದರು. ಮರುದಿನ ಡಾಕ್ಟರಿಗೆ ತೋರಿಸಿದರು. ಬೇರೆ ದಾರಿ ಇಲ್ಲವಲ್ಲ, ಕೊಟ್ಟು ನೋಡೋಣ ಎಂದು ಅವರೂ ಒಪ್ಪಿದರು.

ಆ ವಾರ ಪಟ್ಟಿಯನ್ನು ಶುದ್ಧಪ್ರತಿ ಮಾಡುತ್ತ ಕೇಳಿದೆ: "ಇಲ್ಲಿ ತಡೆ ಸುಮಾರು ಅಂದ್ರೆ ಮುಕ್ಕಾಲು ತಾನೇ ಮೇಡಂ?"

"ಮುಕ್ಕಾಲಾ? ಅಷ್ಟಕ್ಕಷ್ಟೆ ಕಣಯ್ಯ. ಕಾಲು."

ಕುಂಬಾರಕೊಪ್ಪಲಿನ ನಮ್ಮಜ್ಜಿ ಮದುವೆಯಿಂದ ಬಂದು "ಸುಮಾರು ಜನ ಬಂದ್ಬುಟ್ಟಿದ್ರು ಕಣ್ಲಾ" ಅಂದರೆ ಚಪ್ಪರ ತುಂಬಿ ಬೀದಿಗೆ ಚೆಲ್ಲಿತ್ತು ಅಂತ. ಮೇಡಂ ಮನೆಯಲ್ಲಿ ಸಾರು ಸುಮಾರಾಗಿದೆ ಅಂದರೆ ಯಾರೂ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

ಅಜ್ಜಿಯ ಸುಮಾರಿನ ಅರ್ಥ ಮೇಡಂಗೆ ಹೇಳಿ, ನಾನು ಹಾಕಿದ್ದ ಮುಕ್ಕಾಲನ್ನು ಕಾಲಾಗಿ ತಿದ್ದಿದೆ. ಗೆರೆ ಏರಿತು, ಏರುತ್ತಲೇ ಹೋಯಿತು.

"ನಿಮ್ಮಜ್ಜೀನೇ ಕರ್ಕೊಂಡು ಬಂದು ಕೂರಿಸ್ಕೋಬೇಕಿತ್ತು ನಾನು," ಎಂದು ನಕ್ಕರು. ನಗು ಕೆಮ್ಮಾಯಿತು.

"ಡಾಕ್ಟ್ರಿಗೆ ಹೇಳ್ಬೇಡಿ ಮೇಡಂ. ಕೊಟ್ಟು ನೋಡ್ಲಿ."

"ಗೆರೆ ನೋಡ್ದೆಯಲ್ಲ. ಆಮೇಲೆ ಇನ್ಯಾರಿಗೋ ಇದನ್ನೇ ಕೊಟ್ರೆ?"

ನನ್ನೆದುರೇ ಫೋನ್ ಮಾಡಿದರು. "ನಾನು ಒಂದು ಅಂಕಿ ತಪ್ಪು ಹಾಕ್ಬಿಟ್ಟಿದ್ದೆ ಡಾಕ್ಟ್ರೇ. ಬಿಟ್ಬಿಡಿ ಅದನ್ನ."

ಮೂರು ವಾರಕ್ಕೆ ಹೋದರು. ಕೊನೆಯ ದರ್ಶನಕ್ಕೆ ಬಂದಿದ್ದ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಂಥಾ ಬುದ್ಧಿವಂತೆ ಕಣ್ರೀ. ಪಾಪ, ಕೊನೇಲಿ ಅವರಿಗೂ ಲೆಕ್ಕ ತಪ್ತು," ಅಂದರು.

ನಾನು ತಲೆಯಾಡಿಸಿದೆ.